ಒರೆಗೆ ಹಚ್ಚಿದ ಬಾಕು

ನಮ್ಮ ಭಾವನನ್ನು ಪೊಲೀಸರು ಜೀಪು ಹತ್ತಿಸಿದಾಗ ಅವರ ಕೈಚೀಲದಲ್ಲಿದ್ದ ಬಾಕು ಅಸಲಿಯೋ ನಕಲಿಯೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಜೀಪು ಹತ್ತಿದ್ದಕ್ಕಿಂತ ಅವರಿಗೆ ಅದೇ ಹೆಚ್ಚು ಬೇಜಾರಿನ ಸಂಗತಿ. "ಇನ್ನೊಂದು ಪರೀಕ್ಷೆ ಬಾಕಿ ಇತ್ತು ಕಣಯ್ಯಾ" ಎಂದು ಪೇದೆಗೆ ದಾರಿಯುದ್ದಕ್ಕೂ ಹೇಳಿದರಂತೆ. ಪೇದೆ ಅದನ್ನು ತಪ್ಪೊಪ್ಪಿಗೆ ಎಂದು ತಿಳಿದು ಬರೆದುಕೊಂಡನಂತೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ತೂಕ ಮತ್ತು ಅಳತೆ ಇಲಾಖೆಯಲ್ಲಿ ತಪಾಸಣೆಯ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ತೂಕದ ಬಟ್ಟುಗಳಿಗೆ ಮುದ್ರೆ ಒತ್ತುವುದು, ಮೋಸ ಕಂಡರೆ ಹುಬ್ಬು ಗಂಟು ಹಾಕುವುದು. ಇಡೀ ಸರ್ವೀಸು ಇದನ್ನೇ ಮಾಡಿ ಮಾಡಿ, ಈ ಪ್ರಪಂಚದಲ್ಲಿ ತಮ್ಮ ಕಣ್ಣಿಗೆ ಮಣ್ಣೆರಚುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದುಬಿಟ್ಟಿದ್ದರು. ಅಕ್ಕ ತರಕಾರಿ ತಂದರೆ ಚೀಲವನ್ನು ಅಂಗೈಯಲ್ಲಿ ತೂಗಿ, ಕಣ್ಣು ಮುಚ್ಚಿ, "ಐವತ್ತು ಗ್ರಾಂ ಹೊಡೆದಿದ್ದಾನೆ" ಅನ್ನುವರು. ಅಕ್ಕ ಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ನೂರು ಗ್ರಾಂ ಜಾಸ್ತಿಯೇ ಇರುತ್ತಿತ್ತು. "ಹಾಗಾದರೆ ನಮ್ಮನೆ ತಕ್ಕಡೀಲೇ ಮೋಸ ಇದೆ" ಎಂದು ಅದಕ್ಕೂ ಹುಬ್ಬು ಗಂಟು ಹಾಕುವರು.

ಇಂಥವರ ಮಗಳು, ಅಂದರೆ ನನ್ನ ಅಕ್ಕನ ಮಗಳು, ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಒಪ್ಪಿಕೊಂಡಳು. ಹುಡುಗನೂ ಒಪ್ಪಿದ. ಉಳಿದದ್ದು ಹಿರಿಯರು ಒಂದು ಸಲ ಎದುರುಬದುರು ಕೂತು ಚಹಾ ಕುಡಿದು ತಲೆಯಾಡಿಸುವುದಷ್ಟೇ. ಹುಡುಗನ ತಂದೆ ನಿವೃತ್ತ ಮೇಜರ್. ನಾವೆಲ್ಲ ಅವರ ಮನೆಗೆ ಹೋದೆವು.

ಮೇಜರ್ ಅವರ ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬಾಗಿಲಿಗೆ ಬಂದು ನಮ್ಮನ್ನು ಸ್ವಾಗತಿಸಿತು. ನಡುಮನೆಯ ಒಂದು ಗೋಡೆ ಪೂರ್ತಿ ಬಾಕುಗಳು: ನೆಟ್ಟಗಿನವು, ಡೊಂಕು, ಗಿಡ್ಡ, ಉದ್ದ. ಒಂದೊಂದರ ಕೆಳಗೂ ಹಿತ್ತಾಳೆಯ ಪುಟ್ಟ ಫಲಕ. ಮಧ್ಯದಲ್ಲಿ ಒಂದು ಮೊಳೆ ಮಾತ್ರ ಖಾಲಿ.

"ಆ ಜಾಗ ನೋಡಿದ್ರಾ?" ಮೇಜರ್ ಕವಾಯತು ಮೈದಾನದ ದನಿಯಲ್ಲಿ ಕೇಳಿದರು. ಚಹಾದ ಲೋಟಗಳು ಝಣ್ ಅಂದವು. "ಹಳೇ ಮಹಾಯುದ್ಧದಲ್ಲಿ ಕಂದಕದೊಳಗೆ ಕೈ ಕೈ ಮಿಲಾಯಿಸೋರಿಗೆ ಒಂದು ಬಾಕು ಕೊಡ್ತಿದ್ರು. ಅದಕ್ಕೇ ಆ ಜಾಗ. ಆದರೆ ಸಿಗೋದೆಲ್ಲಾ ನಕಲಿ! ಅಸಲಿ ಯಾವುದು ನಕಲಿ ಯಾವುದು ಅಂತ ಹೇಳೋ ಕಣ್ಣು ಈಗ ಯಾರಿಗಿದೆ ಹೇಳಿ?"

ಭಾವ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಅಕ್ಕನಿಗೆ ಆ ಲೋಟ ಇಡುವ ಬಗೆ ಚೆನ್ನಾಗಿ ಗೊತ್ತು. ಏನೋ ಒಂದು ಭೀಷ್ಮ ಪ್ರತಿಜ್ಞೆ ಹೊರಬೀಳಲಿದೆ ಎಂದು ತಿಳಿದು ಮೇಜಿನ ಕೆಳಗೆ ಕಾಲು ಚಾಚಿ ಗಂಡನ ಪಾದವನ್ನು ಬಲವಾಗಿ ಮೆಟ್ಟಿದಳು. ಮೆಟ್ಟಿದ್ದು ಮೇಜರ್ ಅವರ ಪಾದವನ್ನು. ಸೈನಿಕರಲ್ಲವೇ, ಕಮಕ್ ಕಿಮಕ್ ಅನ್ನಲಿಲ್ಲ. ಮೀಸೆ ಮಾತ್ರ ಒಂದು ಸಲ ಮೇಲೆದ್ದು ಕೂತಿತು.

"ನನಗಿದೆ" ಎಂದರು ಭಾವ. "ನಕಲಿ ಹಿಡಿಯೋದೇ ನನ್ನ ಕಸುಬು. ಭಾನುವಾರ ಮತ್ತೆ ಊಟಕ್ಕೆ ಬರ್ತೀವಲ್ಲ, ನೋಡ್ತಿರಿ."

ಏನನ್ನು ನೋಡುತ್ತಿರಬೇಕು ಎಂದು ಹೇಳಲಿಲ್ಲ. ಉಡುಗೊರೆ ಗುಟ್ಟಾಗಿದ್ದರೇ ಚಂದ ಎಂಬುದು ಅವರ ಲೆಕ್ಕ.

ಮರುದಿನವೇ ಭಾವ ಪೇಟೆಯ ಹಿಂಭಾಗದ ಹಳೇ ಸಾಮಾನಿನ ಅಂಗಡಿಗೆ ಹೋದರು. ಮುಳ್ಳಿಲ್ಲದ ಗಡಿಯಾರ, ತಂತಿಯಿಲ್ಲದ ಪಿಟೀಲು, ಯಾರದ್ದೋ ತಾತಂದಿರ ಫೋಟೋಗಳ ನಡುವೆ ಅಂಗಡಿಯವನು ಕೂತಿದ್ದ. ಕಾಯಿಲೆಯ ಸುದ್ದಿ ತಿಳಿಸುವ ಡಾಕ್ಟರನ ಹಾಗೆ ಮೆಲುದನಿ. ಕಂದಕದ ಬಾಕು ಬೇಕು ಎಂದ ಕೂಡಲೇ ಎದ್ದು ಬಾಗಿಲು ಅರ್ಧ ಮುಚ್ಚಿ, ಡ್ರಾಯರಿನಿಂದ ಮಖಮಲ್ಲಿನ ಬಟ್ಟೆಯೊಂದನ್ನು ತೆಗೆದು ಮಗುವಿನಂತೆ ಮೇಜಿನ ಮೇಲೆ ಮಲಗಿಸಿದ.

"ಮುಟ್ಟೋಕೆ ಮುಂಚೆ ಒಂದು ನಿಮಿಷ ಸುಮ್ನೆ ನೋಡಿ ಸಾರ್. ಇದು ರಕ್ತ ಕಂಡಿರೋ ಮಾಲು."

ಭಾವ ಸುಮ್ಮನೆ ನೋಡಿದರು. ಕಪ್ಪಿಟ್ಟ ಅಲಗು, ಹಳದಿಗಟ್ಟಿದ ಮೂಳೆಯಂಥ ಹಿಡಿ, ಸವೆದ ಚರ್ಮದ ಒರೆ. ಬಾಕಿನ ಬಗ್ಗೆ ಏನು ಕೇಳಬೇಕೆಂದು ಹೊಳೆಯದೆ ತಮಗೆ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದರು. "ತೂಕ ಎಷ್ಟು?"

ಅಂಗಡಿಯವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಇರೋವಷ್ಟು ಇದೆ ಸಾರ್" ಎಂದ.

"ಅಸಲಿ ಅಂತ ಏನು ಗ್ಯಾರಂಟಿ?"

"ಸಾರ್, ನೀವು ತಿಳಿದೋರು. ನಕಲಿ ಆಗಿದ್ರೆ ಹೊಸದರ ಥರ ಫಳಫಳ ಅಂತಿತ್ತೋ ಇಲ್ವೋ?"

"ಅಂತಿತ್ತು."

"ಇದು ಅಂತಿದೆಯಾ?"

"ಇಲ್ಲ."

"ಮುಗೀತಲ್ಲ ಸಾರ್."

ಭಾವನಿಗೆ ಈ ತರ್ಕ ಬಹಳ ಹಿಡಿಸಿತು. ಆದರೂ ಕಸುಬು ಬಿಡಬೇಕಲ್ಲ. ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲ ಎಂದರು. ಧಾರಾಳವಾಗಿ ಮಾಡಿ, ತೃಪ್ತಿಯಾದರೆ ಮಾತ್ರ ಕೊಳ್ಳಿ, ಅಲ್ಲಿಯವರೆಗೆ ನಿಮ್ಮ ಸ್ಕೂಟರ್ ಇಲ್ಲಿರಲಿ ಎಂದ ಅಂಗಡಿಯವನು. ಹೀಗೆ ಭಾವ ಸ್ಕೂಟರಿನಲ್ಲಿ ಹೋದವರು ಬಾಕಿನೊಂದಿಗೆ ನಡೆದುಕೊಂಡು ಬಂದರು.

"ಏನ್ರೀ ಅದು?" ಎಂದಳು ಅಕ್ಕ.

"ಬಾಕು."

"ಬಾಕೋ ಚಾಕೋ, ಅಡುಗೆಮನೆಗೆ ತರಬೇಡಿ."

ಭಾವ ತಂದದ್ದು ಅಡುಗೆಮನೆಗೇ. ಮೊಬೈಲಿನಲ್ಲಿ ಯಾರೋ ಗಡ್ಡದ ತಜ್ಞರು ಹಳೇ ಬಾಕು ಪರೀಕ್ಷಿಸುವ ಬಗೆಯನ್ನು ವಿವರಿಸುತ್ತಿದ್ದ ವಿಡಿಯೋ ಸಿಕ್ಕಿತ್ತು. ಅದರ ಪ್ರಕಾರ ಮೊದಲು ಅಯಸ್ಕಾಂತ. ಫ್ರಿಜ್ಜಿನ ಬಾಗಿಲಿಗಂಟಿದ್ದ ಮಾವಿನಕಾಯಿ ಆಕಾರದ ಅಯಸ್ಕಾಂತವನ್ನು ಕಿತ್ತು ಅಲಗಿಗೆ ಹಿಡಿದರು. ಟಪ್ ಎಂದು ಅಂಟಿತು. ಅಂಟಿದರೆ ಅಸಲಿಯೋ ಅಂಟದಿದ್ದರೆ ಅಸಲಿಯೋ ಎಂಬುದನ್ನು ಗಡ್ಡದವರು ಹೇಳುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂತು. ಎರಡನೆಯದು ಹಿಡಿಯ ಪರೀಕ್ಷೆ. ನಿಜವಾದ ಮೂಳೆಗೆ ಕಾದ ಸೂಜಿ ಚುಚ್ಚಿದರೆ ಕೂದಲು ಸುಟ್ಟ ವಾಸನೆ, ಪ್ಲಾಸ್ಟಿಕ್ಕಾದರೆ ಪ್ಲಾಸ್ಟಿಕ್ಕಿನ ವಾಸನೆ.

ಇದನ್ನು ಆಮೇಲೆ ಮಾಡುವುದೆಂದುಕೊಂಡು ಅವರು ಮರುದಿನ ಬೆಳಿಗ್ಗೆ ಹಿಂದಿನ ಬಾಲ್ಕನಿಯಲ್ಲಿ ನಿಂತು ನನಗೆ ಫೋನು ಮಾಡಿದರು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಬಾಕು.

ಈ ಬಾಲ್ಕನಿಯ ಸಂಗತಿ ಸ್ವಲ್ಪ ಹೇಳಬೇಕು. ಅದರ ಸರಿಯಾಗಿ ಮೇಲೆ, ಮೇಲಿನ ಮನೆಯ ಇನ್ಶೂರೆನ್ಸ್ ಏಜೆಂಟರ ಬಾಲ್ಕನಿ. ಅವರಿಗೆ ಹೂಗಿಡದ ಹುಚ್ಚು. ದಿನಾ ಬೆಳಿಗ್ಗೆ ಅವರು ಕುಂಡಗಳಿಗೆ ನೀರು ಹಾಕುವುದು, ಅದು ಕೆಸರಾಗಿ ಸೋರಿ ಕೆಳಗೆ ಭಾವನ ಒಗೆದ ಬಿಳಿ ಶರ್ಟಿನ ಮೇಲೆ ಬೀಳುವುದು, ಭಾವ ಮೇಲಕ್ಕೆ, ಏಜೆಂಟರು ಕೆಳಕ್ಕೆ ನೋಡಿ ಪರಸ್ಪರರ ಸಂಸ್ಕಾರವನ್ನು ಪ್ರಶ್ನಿಸುವುದು ವರ್ಷಗಳಿಂದ ನಡೆದಿತ್ತು. ಅವತ್ತು ಏಜೆಂಟರು ನೀರಿನ ಮಗ್ಗು ಎತ್ತಿದವರು ಕೆಳಗಿನ ಮಾತು ಕಿವಿಗೆ ಬಿದ್ದು ಹಾಗೇ ನಿಂತರು. ನಾನು ಈ ಕಡೆಯಿಂದ ಕೇಳಿದ್ದೆಲ್ಲ ಸಾದಾ ಪ್ರಶ್ನೆಗಳು. ಆದರೆ ಏಜೆಂಟರಿಗೆ ಕೇಳಿಸಿದ್ದು ಒಂದು ಕಡೆಯದು ಮಾತ್ರ.

"ಸಿಕ್ತು ಕಣೋ ಬಾಕು! ... ಇನ್ಯಾರಿಗೆ, ಮೇಜರ್‌ಗೇ. ... ಭಾನುವಾರ, ಅವರ ಮನೇಲೇ. ಊಟ ಆದಮೇಲೆ. ಪಾಪ, ಊಟ ಒಂದು ಮಾಡಿರ್ಲಿ. ... ಛೆ ಛೆ, ಸುಳಿವೇ ಕೊಡಲ್ಲ. ಬೆನ್ನ ಹಿಂದೆ ಇಟ್ಕೊಂಡು ಹತ್ರ ಹೋಗ್ತೀನಿ. ಕಣ್ಣು ಮುಚ್ಚಿ ಅಂತೀನಿ. ಮುಚ್ತಾರೆ. ಅಷ್ಟೇ! ... ನಿಮ್ಮಕ್ಕನಿಗೆ ಗೊತ್ತು. ಬೇಡ ಬೇಡ ಅಂತಿದ್ದಾಳೆ. ಮಗಳ ಭವಿಷ್ಯದ ಪ್ರಶ್ನೆ, ಈಗ ಹಿಂದೆ ಸರಿಯೋಕಾಗುತ್ತಾ? ... ಮೂಳೆ ವಿಷಯಾನಾ? ಅದಕ್ಕೇ ಸೂಜಿ ಕಾಯಿಸಿ ಚುಚ್ಚಿ ನೋಡ್ತೀನಿ. ಸುಟ್ಟ ವಾಸನೆ ಬರುತ್ತಂತೆ."

ಫೋನು ಇಟ್ಟ ಭಾವ, ಬಾಕನ್ನು ಒರೆಯಿಂದ ಸರ್ರನೆ ಎಳೆದು ಮತ್ತೆ ಹಾಕಿದರು. ಅಲಗು ಸರಾಗವಾಗಿ ಬರುತ್ತದೆಯೇ ನೋಡಬೇಕೆಂದು ಗಡ್ಡದವರು ಹೇಳಿದ್ದರು. ಹತ್ತಾರು ಸಲ ಎಳೆದರು. ಆಮೇಲೆ ತಲೆಯೆತ್ತಿ ನೋಡಿದರೆ ಏಜೆಂಟರು ಕಂಡರು.

"ಏನ್ರೀ, ಇವತ್ತು ನೀರು ಬೀಳ್ಲಿಲ್ಲ?" ಎಂದರು, ಬಾಕನ್ನು ಮೇಲಕ್ಕೆ ತೋರಿಸುತ್ತ.

"ಇ... ಇಲ್ಲ ಸಾರ್. ಇನ್ಮೇಲೆ ಬೀಳಲ್ಲ ಸಾರ್."

ವರ್ಷಗಳಲ್ಲಿ ಮೊದಲ ಸಲ ಆ ಬಾಯಲ್ಲಿ 'ಸಾರ್' ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಕುಂಡಗಳೆಲ್ಲ ಮಾಯ. ಸಂಜೆ ಏಜೆಂಟರೇ ಇಳಿದು ಬಂದು, ಹಳೆಯ ಕೆಸರಿನ ಕಲೆಗೆಂದು ಒಂದು ಹೊಸ ಬಿಳಿ ಶರ್ಟನ್ನು ಬಾಗಿಲಲ್ಲಿಟ್ಟು, ಬೆಲ್ಲು ಒತ್ತಿ, ಯಾರೂ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲು ಹತ್ತಿ ಓಡಿದರು.

ಗುಟ್ಟನ್ನು ಏಜೆಂಟರು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಅವರ ಹೆಂಡತಿಯೂ ಅಷ್ಟೇ, ತನಗೆ ಬೇಕಾದವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆಕೆಗೆ ಬೀದಿಯಲ್ಲಿ ಎಲ್ಲರೂ ಬೇಕಾದವರೇ. ಎರಡನೆಯ ದಿನಕ್ಕೆ ಬೀದಿಯ ನಡತೆಯೇ ಬದಲಾಯಿತು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದವರು ಎದ್ದು ಭಾವನಿಗೆ ಕುರ್ಚಿ ಬಿಟ್ಟುಕೊಟ್ಟರು. ತರಕಾರಿಯವಳು ತೂಗದೆಯೇ ಚೀಲ ತುಂಬಿಸಿದಳು. ಎದುರು ಮನೆಯ ನಾಯಿಯನ್ನು ಒಳಗೆ ಕಟ್ಟಿದರು.

"ನೋಡಿದ್ಯಾ" ಎಂದರು ಭಾವ ನನ್ನೊಂದಿಗೆ. "ಅಸಲಿ ನಕಲಿ ಪರೀಕ್ಷೇಲಿ ನನ್ನ ಹೆಸರು ಬೀದಿಗೆಲ್ಲಾ ಹಬ್ಬಿಬಿಟ್ಟಿದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋಕೇ ಹೆದರ್ತಾರೆ."

ಇತ್ತ ಪರೀಕ್ಷೆ ಮಾತ್ರ ಮುಂದೆ ಸಾಗಿರಲಿಲ್ಲ. ಭಾವನಿಗೆ ನೆಗಡಿ. ಸೂಜಿ ಕಾಯಿಸಿ ಹಿಡಿಗೆ ಚುಚ್ಚಿದರೆ ಮೂಗಿಗೆ ಏನೂ ತಿಳಿಯಲಿಲ್ಲ. ಅಕ್ಕನನ್ನು ಕೂಗಿದರು.

"ವಾಸನೆ ಬರ್ತಿದೆಯೇನೇ?"

"ಬರ್ತಿದೆ."

"ಸುಟ್ಟ ವಾಸನೇನಾ?"

"ಹೌದು."

"ಸರಿಯಾಗಿ ಹೇಳು. ಯಾವುದು ಸುಟ್ಟ ಹಾಗಿದೆ?"

"ಹಾಲು! ಒಲೆ ಮೇಲಿಂದ ಪಾತ್ರೆ ಇಳಿಸಿ ಸೂಜಿ ಕಾಯಿಸೋಕೆ ಹೋದೋರು ಮತ್ತೆ ಇಟ್ಟು ಮರೆತಿರೋದು ನೀವೇ ತಾನೆ?"

ಉಳಿದದ್ದು ಕೊನೆಯ ಪರೀಕ್ಷೆ. ಗಡ್ಡದವರ ಪ್ರಕಾರ, ಅಸಲಿ ಬಾಕಿನ ಅಲಗು ಹಿಡಿಯೊಳಗೆ ತುದಿಯವರೆಗೂ ಹೋಗಿರುತ್ತದೆ, ನಕಲಿಯದ್ದು ಅರ್ಧಕ್ಕೇ ನಿಂತಿರುತ್ತದೆ. ಹಿಡಿ ಬಿಚ್ಚಿದರೆ ಮಾಲು ಹಾಳು. ಬಿಚ್ಚದೆ ಒಳಗೆ ನೋಡಬೇಕಾದರೆ ಎಕ್ಸ್-ರೇ. ಆಗ ಭಾವನಿಗೆ ನನ್ನ ನೆನಪಾಯಿತು. ನನ್ನ ಫೋಟೋ ಸ್ಟುಡಿಯೋ ಪಕ್ಕದಲ್ಲೇ ಹಲ್ಲಿನ ಡಾಕ್ಟರರ ಷಾಪು.

ಡಾಕ್ಟರರ ಹೊರಕೋಣೆಯಲ್ಲಿ ನಾಲ್ಕೈದು ಜನ ಕೆನ್ನೆ ಹಿಡಿದು ಕೂತಿದ್ದರು. ಪಕ್ಕದ ಅಜ್ಜಿ ಅನುಕಂಪದಿಂದ ಭಾವನನ್ನು ಕೇಳಿದರು: "ಯಾವ ಹಲ್ಲಪ್ಪಾ?"

"ಹಲ್ಲಲ್ಲ ಅಜ್ಜಿ. ಇದು" ಎಂದು ಭಾವ ಚೀಲದಿಂದ ಬಾಕು ತೆಗೆದು, ಒರೆಯಿಂದ ಎಳೆದು ತೋರಿಸಿದರು. "ಡಾಕ್ಟರಿಗೆ ಇವತ್ತು ಇದನ್ನ ತೋರಿಸಿಯೇ ಹೋಗೋದು."

ಕೆನ್ನೆ ಊದಿಕೊಂಡಿದ್ದ ಒಬ್ಬರು ತಮಗೆ ನೋವು ಪೂರ್ತಿ ಹೋಯಿತೆಂದು ಹೇಳಿ ಎದ್ದರು. ಉಳಿದವರಿಗೂ ಒಬ್ಬೊಬ್ಬರಾಗಿ ಗುಣವಾಯಿತು. ಅಜ್ಜಿ ಕೂಡ, ಬಂದಾಗ ಇದ್ದ ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರಿಗಿಂತ ಮುಂದೆ ಬಾಗಿಲು ದಾಟಿದರು.

ಡಾಕ್ಟರರು ನನ್ನ ಸ್ನೇಹಿತರು, ಸಂಗತಿ ಮೊದಲೇ ಹೇಳಿದ್ದೆ. ಕಿರುಚದ, ಕೈ ಕಚ್ಚದ ರೋಗಿ ಸಿಕ್ಕಿತೆಂದು ಅವರಿಗೆ ಖುಷಿಯೇ. ಬಾಕನ್ನು ಕುರ್ಚಿಯ ಮೇಲೆ ಮಲಗಿಸಿ, ಅಭ್ಯಾಸಬಲದಿಂದ "ಬಾಯಿ ದೊಡ್ಡದಾಗಿ ತೆಗೀರಿ" ಎಂದರು. ಭಾವ ತೆಗೆದರು. ಹಲ್ಲಿನ ಫಿಲ್ಮು ಸಣ್ಣದಾದ್ದರಿಂದ ಹಿಡಿಯ ಎಕ್ಸ್-ರೇಯನ್ನು ತುಂಡು ತುಂಡಾಗಿ ತೆಗೆದು, ದೀಪದೆದುರು ಜೋಡಿಸಿ, ಬಹಳ ಹೊತ್ತು ನೋಡಿದರು.

"ಹಲ್ಲಿಗಿರೋ ಹಾಗೆ ಇದಕ್ಕೆ ಬೇರೇ ಇಲ್ಲ" ಎಂದರು ಕೊನೆಗೆ. "ಅಲಗು ಸ್ವಲ್ಪ ಒಳಗೆ ಹೋಗಿ ನಿಂತುಬಿಟ್ಟಿದೆ. ಅಲ್ಲೊಂದು ಸ್ಕ್ರೂ ಇದೆ ನೋಡಿ. ತಲೆ ಮೇಲೆ ಪ್ಲಸ್ ಗುರುತು, ಸ್ವಿಚ್‌ಬೋರ್ಡಿಗೆ ಹಾಕ್ತಾರಲ್ಲ ಅಂಥದ್ದು. ಇದು ಹುಟ್ಟಿದ ಹಲ್ಲಲ್ಲ ಸಾರ್. ಕಟ್ಟಿಸಿದ್ದು."

ಭಾವನ ಮುಖ ಮುದ್ರೆಯಿಲ್ಲದ ತೂಕದ ಬಟ್ಟಿನ ಹಾಗಾಯಿತು. ಆದರೆ ಸೋಲೊಪ್ಪುವ ಜಾತಿಯಲ್ಲ. "ಯುದ್ಧ ನಡೀತಿರುವಾಗ ಮುರಿದು, ಅಲ್ಲೇ ರಿಪೇರಿ ಮಾಡ್ಕೊಂಡಿರಬಹುದಲ್ಲ?"

"ಇರಬಹುದು" ಎಂದರು ಡಾಕ್ಟರರು. "ನಾನು ಯುದ್ಧಕ್ಕೆ ಹೋಗಿಲ್ಲ."

ಈ 'ಇರಬಹುದು' ಒಂದನ್ನು ಬಲವಾಗಿ ಹಿಡಿದುಕೊಂಡು, ಇನ್ನೊಂದು ಪರೀಕ್ಷೆ ಮಾಡಿ ತೀರ್ಮಾನಿಸುವುದೆಂದು ಭಾವ ಚೀಲ ಬಗಲಿಗೇರಿಸಿ ಹೊರಟರು. ಬೀದಿ ತಿರುವಿನಲ್ಲಿ ಜೀಪು ನಿಂತಿತ್ತು.

ಜೀಪು ಬರಲು ಕಾರಣ ಏಜೆಂಟರು. ಭಾನುವಾರ ಹತ್ತಿರವಾದಂತೆ ಅವರಿಗೆ ಅನ್ನ ಸೇರಲಿಲ್ಲ. ಆ ದಿನ ಬೆಳಿಗ್ಗೆ ಧೈರ್ಯ ಮಾಡಿ ಮೇಜರ್ ಅವರ ವಿಳಾಸ ಹುಡುಕಿಕೊಂಡು ಹೋಗಿ, "ಭಾನುವಾರ ಊಟಕ್ಕೆ ಬರೋರು ಕಣ್ಣು ಮುಚ್ಚಿ ಅಂದ್ರೆ ದಯವಿಟ್ಟು ಮುಚ್ಚಬೇಡಿ ಸಾರ್" ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟರು. ಇದನ್ನು ನನಗೆ ಆಮೇಲೆ ಹೇಳಿದ್ದು ಮೇಜರ್ ಅವರ ಹೆಂಡತಿ. ಮೇಜರ್ ಮೊದಲು ಗಹಗಹಿಸಿ ನಕ್ಕರಂತೆ. ಆಮೇಲೆ ನಗು ತಟಕ್ಕನೆ ನಿಂತಿತಂತೆ.

"ಏ, ಅವತ್ತು ಮೇಜಿನ ಕೆಳಗೆ ಯಾರೋ ನನ್ನ ಕಾಲು ಮೆಟ್ಟಿದ್ರು ಕಣೇ. ಸುಮ್ಸುಮ್ನೆ ಅಲ್ಲ. ದ್ವೇಷ ಇಟ್ಕೊಂಡು ಮೆಟ್ಟಿದ ಹಾಗಿತ್ತು."

"ಆಮೇಲೆ 'ನೋಡ್ತಿರಿ' ಅಂತ ಬೇರೆ ಅಂದ್ರಲ್ರೀ!"

ಠಾಣೆಗೆ ಫೋನು ಹೋಯಿತು. ಅದೇ ಹೊತ್ತಿಗೆ ಹುಡುಗ ನಮ್ಮ ಹುಡುಗಿಗೆ ಫೋನು ಮಾಡಿ, "ನಿಮ್ಮಪ್ಪ ನಮ್ಮಪ್ಪನ್ನ ಯಾಕೆ ಕೊಲ್ಲಬೇಕು ಅಂತಿದ್ದಾರೆ?" ಎಂದು ಕೇಳಿದನಂತೆ. ನಮ್ಮ ಹುಡುಗಿ, "ಇಷ್ಟು ಬೇಗಾನಾ?" ಎಂದಳಂತೆ. ಆಮೇಲೆ ವಿಷಯ ತಲೆಗೆ ಹೋಗಿ ಅಳುತ್ತ ಅಕ್ಕನ ಹತ್ತಿರ ಓಡಿದಳು. "ಅಮ್ಮಾ, ಎಲ್ಲಾ ಮುಗೀತು. ಅಪ್ಪನಿಂದ ನನ್ನ ಮದುವೆ ಆಗಲ್ಲ!" ಅಕ್ಕ ನನ್ನ ಸ್ಟುಡಿಯೋ ಬಾಗಿಲಿಗೆ ಬಂದಾಗ ಅವಳ ಎರಡು ಕಾಲಲ್ಲಿ ಎರಡು ಬಗೆಯ ಚಪ್ಪಲಿ ಇತ್ತು.

ನಾವು ಠಾಣೆ ಸೇರುವಾಗ ಎಲ್ಲರೂ ಅಲ್ಲಿದ್ದರು. ಇನ್ಸ್‌ಪೆಕ್ಟರ್ ಮೇಜಿನ ಹಿಂದೆ. ಒಂದು ಕಡೆ ಭಾವ. ಇನ್ನೊಂದು ಕಡೆ ಮೇಜರ್ ದಂಪತಿ ಮತ್ತು, ಅವರ ಹಿಂದೆ ಅರ್ಧ ಅಡಗಿಕೊಂಡು, ಏಜೆಂಟರು. ಮೇಜಿನ ಮೇಲೆ ಬಾಕು, ಅದರ ಪಕ್ಕದಲ್ಲಿ ಇನ್ಸ್‌ಪೆಕ್ಟರ್ ತಿನ್ನಲೆಂದು ತಂದಿಟ್ಟುಕೊಂಡಿದ್ದ ಬಾಳೆಹಣ್ಣು.

ಭಾವ ಸಂಗತಿಯನ್ನು ಮೊದಲಿಂದ ಹೇಳಿಯಾಗಿತ್ತು. ಉಡುಗೊರೆ ಎಂಬ ಮಾತು ಬಂದಾಗ ಮೇಜರ್ ಅವರ ಮೀಸೆ ಸ್ವಲ್ಪ ಇಳಿಯಿತು. ಆದರೆ ಅಕ್ಕನ ಕಡೆ ಅನುಮಾನದಿಂದ ನೋಡಿ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ಇನ್ಸ್‌ಪೆಕ್ಟರ್ ಬಾಕು ಎತ್ತಿಕೊಂಡು ಬಾಳೆಹಣ್ಣನ್ನು ಕೊಯ್ಯಲು ನೋಡಿದರು. ಬಾಳೆಹಣ್ಣು ಜಜ್ಜಿತೇ ಹೊರತು ತುಂಡಾಗಲಿಲ್ಲ.

"ಏನ್ರೀ ಇದು? ಬಾಳೆಹಣ್ಣಿಗೂ ಗಾಯ ಆಗ್ಲಿಲ್ಲ."

ಭಾವನಿಗೆ ಸ್ವಾಭಿಮಾನ ಕೆರಳಿತು. "ಸಾರ್, ಅದು ಕೊಯ್ಯೋದಲ್ಲ, ಚುಚ್ಚೋದು! ಮೊನೆ ನೋಡಿ. ಎದೆಗೆ ಹಾಕಿದ್ರೆ ಬೆನ್ನಲ್ಲಿ ಬರಬೇಕು!"

"ಕೇಳಿದ್ರಾ ಸಾರ್! ಕೇಳಿದ್ರಾ!" ಎಂದರು ಏಜೆಂಟರು ಹಿಂದಿನಿಂದ.

"ರೀ, ಬಾಯಿ ಮುಚ್ಕೊಂಡು ಇರ್ರೀ!" ಎಂದಳು ಅಕ್ಕ, ಗಂಡನಿಗೆ.

ಇನ್ಸ್‌ಪೆಕ್ಟರ್ ಹಣ್ಣಿನ ಕೈ ಒರೆಸಿಕೊಂಡು ತಾಳ್ಮೆಯಿಂದ ಹೇಳಿದರು. "ನೋಡಿ ಯಜಮಾನ್ರೇ. ಅಸಲಿ ಆಯುಧ ಹಿಡ್ಕೊಂಡು, ಪರವಾನಗಿ ಇಲ್ದೆ ಬೀದಿ ಸುತ್ತಿದ್ರೆ ಅಪರಾಧ. ನಕಲಿ ಹಿಡ್ಕೊಂಡು ಸುತ್ತಿದ್ರೆ ಪೆದ್ದತನ. ಪೆದ್ದತನಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ. ಈಗ ಹೇಳಿ. ಇದು ಅಸಲಿಯೋ ನಕಲಿಯೋ?"

ಇಷ್ಟು ಸುಲಭದ ಪ್ರಶ್ನೆ ಯಾವ ಆರೋಪಿಗೂ ಸಿಕ್ಕಿರಲಾರದು. ಉತ್ತರ ಎಲ್ಲರಿಗೂ ಗೊತ್ತಿತ್ತು. ಜೇಬಿನಲ್ಲಿ ಎಕ್ಸ್-ರೇ ಬೇರೆ ಇತ್ತು. ಭಾವ ಬಾಯಿ ತೆರೆದರು. ಮೇಜರ್ ಕಡೆ ನೋಡಿದರು. ಮುಚ್ಚಿದರು. ಮತ್ತೆ ತೆರೆದರು. ನಕಲಿ ಹಿಡಿಯುವುದೇ ನನ್ನ ಕಸುಬು ಎಂದು ಹೇಳಿದ್ದು ಅದೇ ಮೀಸೆಯ ಎದುರು.

"ಅಸಲಿ" ಎಂದರು.

"ರೀ!" ಎಂದು ಚೀರಿದಳು ಅಕ್ಕ. "ಸಾರ್, ಅವರ ಮಾತು ಕೇಳಬೇಡಿ. ನಮ್ಮನೆ ತಕ್ಕಡೀನೇ ಅವರಿಗೆ ಗೊತ್ತಾಗಲ್ಲ!"

"ನೂರಕ್ಕೆ ನೂರು ಅಸಲಿ" ಎಂದರು ಭಾವ, ಬೆವರುತ್ತ. ಪೇದೆ ಬೀಗದ ಕೈಗೊಂಚಲಿಗೆ ಕೈ ಹಾಕಿದ.

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಂಡು ಬಾಕನ್ನು ಮೇಜರ್ ಕಡೆ ತಳ್ಳಿದರು. "ನೀವು ಸೈನ್ಯದಲ್ಲಿದ್ದೋರು. ಮನೇಲಿ ಗೋಡೆ ತುಂಬಾ ಇಟ್ಟಿದ್ದೀರಂತೆ. ನೀವೇ ಹೇಳಿಬಿಡಿ."

ಮೇಜರ್ ಬಾಕನ್ನು ಕೈಗೆತ್ತಿಕೊಂಡರು. ತಿರುಗಿಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ನಕಲಿ."

ಭಾವ ಗಾಯಗೊಂಡವರಂತೆ ಮುಂದೆ ಬಂದರು. "ಹೇಗೆ ಹೇಳ್ತೀರಿ? ಆಧಾರ ಏನು?"

"ಹಿಡಿಯೊಳಗೆ ಸ್ಕ್ರೂ ಇದೆ. ಪ್ಲಸ್ ಗುರುತಿನ ಸ್ಕ್ರೂ. ಅಲ್ಲಾಡಿಸಿದ್ರೆ ಟಿಕ್ ಅನ್ನುತ್ತೆ."

ಭಾವ ಬೆರಗಾಗಿ ಜೇಬಿನಿಂದ ಎಕ್ಸ್-ರೇ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಇತ್ತು, ಪ್ಲಸ್ ಗುರುತು. ಇನ್ಸ್‌ಪೆಕ್ಟರ್ ಎಕ್ಸ್-ರೇ ನೋಡಿದರು, ಮೇಜರ್ ಅವರನ್ನು ನೋಡಿದರು.

"ಇವರಿಗೆ ಗೊತ್ತಾಗೋಕೆ ಹಲ್ಲಿನ ಡಾಕ್ಟರ್ ಬೇಕಾಯ್ತು. ನಿಮಗೆ ಬಿಚ್ಚದೇನೇ ಪ್ಲಸ್ಸೋ ಮೈನಸ್ಸೋ ಅಂತ ಹೇಗೆ ಗೊತ್ತಾಯ್ತು ಮೇಜರ್ ಸಾಹೇಬ್ರೇ?"

ಮೇಜರ್ ಬಾಕನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಇನ್ಸ್‌ಪೆಕ್ಟರ್‌ಗೆ ಈಗ ಕಸುಬಿನ ಆಸಕ್ತಿ ಹುಟ್ಟಿತು. ಮುಂದೆ ಬಾಗಿದರು. "ಅಂದ ಹಾಗೆ, ನಿಮ್ಮ ಗೋಡೆ ಮೇಲಿನವು? ಅಸಲಿ ತಾನೇ? ಅಷ್ಟಕ್ಕೂ ಪರವಾನಗಿ ಇರಬೇಕಲ್ಲ."

ಮೀಸೆಯ ಎರಡು ತುದಿಗಳೂ ನೆಲ ನೋಡತೊಡಗಿದವು.

"ಹೇಳಿಬಿಡ್ರೀ" ಎಂದರು ಮೇಜರ್ ಅವರ ಹೆಂಡತಿ. "ಜೈಲಿಗೆ ಹೋಗಿ ಮರ್ಯಾದೆ ಉಳಿಸ್ಕೋಬೇಕಾ?"

"ಎಲ್ಲಾ... ಅದೇ" ಎಂದರು ಮೇಜರ್. ಕವಾಯತು ಮೈದಾನದ ದನಿ ಎಲ್ಲಿ ಹೋಯಿತೋ, ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ.

"ಅದೇ ಅಂದ್ರೆ?"

"ಅದೇ ಅಂಗಡಿ. ಒಂದು ಹಿಡಿ ಕಳಚಿ ಬಿದ್ದಾಗ ಸ್ಕ್ರೂ ಕಂಡಿತ್ತು. ಮಿಕ್ಕವನ್ನ ನಾನು ಬಿಚ್ಚಿ ನೋಡಲಿಲ್ಲ. ಅಲ್ಲಾಡಿಸಿದೆ. ಎಲ್ಲಾ ಟಿಕ್ ಅಂದ್ವು."

ಹೆಂಡತಿಗೆ ಇಷ್ಟರಲ್ಲಿ ತಡೆಯಲಾಗಲಿಲ್ಲ. "ಇವರು ಸೈನ್ಯದಲ್ಲಿ ಬಾಕು ಹಿಡಿದೋರೇ ಅಲ್ಲ ಸಾರ್. ಕಂಬಳಿ ವಿಭಾಗದಲ್ಲಿದ್ರು. ಯಾರಿಗೆಷ್ಟು ಕಂಬಳಿ ಅಂತ ಎಣಿಸಿ ಕೊಡೋದು."

ಠಾಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಏಜೆಂಟರೇ ಇರಬೇಕು. ಆಗ ನಡೆಯಿತು ನೋಡಿ, ನಾನು ಭಾವನಿಂದ ಎಂದೂ ನಿರೀಕ್ಷಿಸದ ಸಂಗತಿ. ಅವರು ಏಜೆಂಟರ ಕಡೆ ತಿರುಗಿ ಗುಡುಗಿದರು.

"ನಗೋದಕ್ಕೇನ್ರೀ ಇದೆ ಇದರಲ್ಲಿ? ಕಂಬಳಿ ಇಲ್ದೆ ಯಾವ ಸೈನ್ಯ ಯುದ್ಧ ಗೆದ್ದಿದೆ? ಹಿಮದಲ್ಲಿ ಮಲಗೋನಿಗೆ ಬಾಕು ಹೊದೆಸ್ತೀರಾ? ಒಂದು ಕಂಬಳಿ ಲೆಕ್ಕ ತಪ್ಪಿದ್ರೆ ಒಂದು ಪ್ರಾಣ ಕಣ್ರೀ! ತೂಕ ಅಳತೆ ಅಂದ್ರೆ ನಿಮಗೆಲ್ಲಾ ತಮಾಷೆ ಆಗಿಬಿಟ್ಟಿದೆ!"

ಮೇಜರ್ ತಲೆಯೆತ್ತಿ ಭಾವನನ್ನು ನೋಡಿದರು. ಆ ನೋಟ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಕಣ್ಣಂಚು ಒದ್ದೆಯಾಗಿತ್ತೆಂದು ಅಕ್ಕ ಹೇಳುತ್ತಾಳೆ. ಪಾದ ನೋಯುತ್ತಿದ್ದಿರಬಹುದು ಎಂದು ನಾನು.

"ಸಾರ್" ಎಂದರು ಭಾವ, ಇನ್ಸ್‌ಪೆಕ್ಟರ್ ಕಡೆ ತಿರುಗಿ. ಇಡೀ ಸರ್ವೀಸಿನಲ್ಲಿ ಸಾವಿರಾರು ಅಂಗಡಿಯವರಿಂದ ಹೇಳಿಸಿದ ಮಾತನ್ನು ತಾವೇ ಹೇಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಬರೆದುಕೊಳ್ಳಿ. ನಂದೂ ನಕಲಿ."

ಇನ್ಸ್‌ಪೆಕ್ಟರ್ ಬಾಕನ್ನು ಒರೆಗೆ ಹಾಕಿ ಕೈಗೆ ಕೊಟ್ಟರು. "ಹೋಗಿ. ಇಬ್ರೂ ಹೋಗಿ. ನನಗೆ ಇನ್ನೊಂದು ಬಾಳೆಹಣ್ಣು ತರಿಸ್ಕೋಬೇಕು."

ಹೊರಗೆ ಠಾ‌ಣೆಯ ಅಂಗಳದಲ್ಲಿ ಬಿಸಿಲಿತ್ತು. ಹುಡುಗ ಹುಡುಗಿ ಯಾವಾಗ ಬಂದಿದ್ದರೋ, ಎದುರಿನ ಅಂಗಡಿಯ ಮುಂದೆ ನಿಂತು ಒಂದೇ ಐಸ್‌ಕ್ರೀಮನ್ನು ಇಬ್ಬರೂ ತಿನ್ನುತ್ತಿದ್ದರು. ನಮ್ಮ ಕಡೆ ಕೈಯಾಡಿಸಿದರು, ಬನ್ನಿ ಎಂದಲ್ಲ, ಅಲ್ಲೇ ಇರಿ ಎಂಬಂತೆ. ಏಜೆಂಟರು ಗೋಡೆಯ ನೆರಳಿನಲ್ಲೇ ಸರಿದು ಮಾಯವಾದರು. ಭಾವ ಒಂದು ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದರು. ಮೇಜರ್ ಇನ್ನೊಂದು ಕಂಬಕ್ಕೆ ಒರಗಿ ಬೂಟು ನೋಡುತ್ತಿದ್ದರು.

ಮೊದಲು ಮಾತಾಡಿದ್ದು ಮೇಜರ್ ಅವರ ಹೆಂಡತಿ. ಅಕ್ಕನ ಹತ್ತಿರ ಬಂದು, ಅವಳ ಎರಡು ಬಗೆಯ ಚಪ್ಪಲಿ ನೋಡಿ, ನೋಡದ ಹಾಗೆ ಮಾಡಿ, ಬಲು ಗಂಭೀರವಾಗಿ ಹೇಳಿದರು:

"ಭಾನುವಾರ ಊಟಕ್ಕೆ ತಪ್ಪದೆ ಬನ್ನಿ ಬೀಗಿತ್ತಿ. ಕೈಬೀಸ್ಕೊಂಡು ಬನ್ನಿ."

"ಬರ್ತೀವಿ" ಎಂದಳು ಅಕ್ಕ ಅಷ್ಟೇ ಗಂಭೀರವಾಗಿ. "ಊಟ ಆದಮೇಲೆ ಕಣ್ಣು ಮುಚ್ಚಿ ಅಂದ್ರೆ ಮಾತ್ರ..."

ಮಾತು ಪೂರ್ತಿಯಾಗಲಿಲ್ಲ. ಇಬ್ಬರಿಗೂ ಒಂದೇ ಸಲಕ್ಕೆ ಉಕ್ಕಿತು. ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು, ಮೈ ಅಲುಗಾಡಿಸಿಕೊಂಡು, ಸದ್ದು ಹೊರಬರಬಾರದೆಂದು ಕರ್ಚೀಫು ಬಾಯಿಗೆ ತುರುಕಿಕೊಂಡು ನಕ್ಕರು. ಕಣ್ಣಲ್ಲಿ ನೀರು ಧಾರಾಕಾರ. ಬೀಗದ ಕೈ ಹಿಡಿದಿದ್ದ ಪೇದೆ ಬಾಗಿಲಿಗೆ ಬಂದು ಈ ದೃಶ್ಯ ನೋಡಿ ಕರಗಿಹೋದ.

"ಯಾಕ್ರಮ್ಮಾ ಅಳ್ತೀರಿ? ಯಜಮಾನ್ರನ್ನ ಬಿಟ್ಟುಬಿಟ್ರಲ್ಲ!"

"ಅದಕ್ಕೇ ಕಣಪ್ಪಾ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಇಬ್ಬರನ್ನೂ ಬಿಟ್ಟುಬಿಟ್ರು."